ಅನಪೇಕ್ಷಿತ ದೂರವಾಣಿ ಕರೆಗಳು : ವರ್ತಕರು ಸಾಕ್ಷ್ಯ ಇರಿಸಿಕೊಳ್ಳಬೇಕಾದ ಕ್ರಮ

ಗೋಕಾಕದ ಕರದಂಟು ತಯಾರಕರು, ಮೂಡಲಗಿಯ ಬೆಲ್ಲದ ವ್ಯಾಪಾರಿಗಳು, ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೆಣಸಿನಕಾಯಿ ವರ್ತಕರು, ಈ ಮೂವರಿಗೂ ಸಮಾನವಾದ ಒಂದು ಅನಿವಾರ್ಯತೆಯುಂಟು. ಗುರುತಿಲ್ಲದ ಸಂಖ್ಯೆಯಿಂದ ಕರೆ ಬಂದರೂ ಅವರು ಅದನ್ನು ಸ್ವೀಕರಿಸಲೇಬೇಕು. ಗೃಹಸ್ಥರಾದವರು ಪರಿಚಯವಿಲ್ಲದ ಕರೆಯನ್ನು ಅಲಕ್ಷಿಸಬಹುದು. ವರ್ತಕನಿಗೆ ಆ ಸ್ವಾತಂತ್ರ್ಯವಿಲ್ಲ. ಕೊಲ್ಹಾಪುರದ ಹೊಸ ಗಿರಾಕಿಯೋ, ಹುಬ್ಬಳ್ಳಿಯ ಅಡತಿಯವರೋ, ಸರಕು ಹೇರಿಕೊಂಡ ಲಾರಿಯ ಚಾಲಕನೋ ಆ ಕರೆಯ ಹಿಂದೆ ಇರಬಹುದು. ಅಂಗಡಿಯ ಫಲಕದಲ್ಲಿ, ಬಿಲ್ಲಿನ ತಲೆಬರಹದಲ್ಲಿ, ಸರಕಿನ ಪೊಟ್ಟಣದ ಮೇಲೆ ನಾವೇ ಮುದ್ರಿಸಿದ ಸಂಖ್ಯೆಯನ್ನು ಬದಲಾಯಿಸುವಂತೆಯೂ ಇಲ್ಲ. ನಮ್ಮ ವ್ಯಾಪಾರಕ್ಕೆ ಬಾಗಿಲಾಗಿರುವ ಈ ಸಂಖ್ಯೆಯೇ ಸಾಲ, ವಿಮೆ, ಷೇರು, ನಿವೇಶನ ಮಾರುವವರಿಗೂ, ಅವರ ವೇಷದಲ್ಲಿ ಬರುವ ವಂಚಕರಿಗೂ ಬಾಗಿಲಾಗಿದೆ.

ಇಂತಹ ಕರೆ ಬಂದಾಗ ನಮ್ಮಲ್ಲಿ ಬಹುತೇಕರು ಮಾಡುವುದು ಎರಡೇ ಕೆಲಸ. ಒಂದು, ಬೈದು ಕರೆ ಕಡಿದುಹಾಕುವುದು. ಇನ್ನೊಂದು, ಆ ಸಂಖ್ಯೆಯನ್ನು ತಡೆಹಿಡಿಯುವುದು. ಎರಡರಿಂದಲೂ ಆ ಕ್ಷಣದ ಕಿರಿಕಿರಿ ತಪ್ಪುತ್ತದೆಯೇ ಹೊರತು ಕರೆ ಮಾಡಿದವರಿಗೆ ಯಾವ ನಷ್ಟವೂ ಆಗುವುದಿಲ್ಲ. ಮರುದಿನ ಬೇರೊಂದು ಸಂಖ್ಯೆಯಿಂದ ಅದೇ ಧ್ವನಿ ಕೇಳಿಬರುತ್ತದೆ. ಕಾನೂನು ನಮ್ಮ ಪಕ್ಷದಲ್ಲಿದ್ದರೂ ಅದು ಚಲಿಸುವುದು ಸಾಕ್ಷ್ಯದ ಬಲದಿಂದ. ಆ ಸಾಕ್ಷ್ಯವನ್ನು ಸಾಮಾನ್ಯ ವರ್ತಕನು ತನ್ನ ಗದ್ದಿಗೆಯ ಮೇಲೆ ಕುಳಿತೇ ಹೇಗೆ ಸಂಗ್ರಹಿಸಬಹುದು ಎಂಬುದನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾನೂನಿನ ಹಿನ್ನೆಲೆ

ಅನಪೇಕ್ಷಿತ ಕರೆಗಳ ಹಾವಳಿಯ ವಿರುದ್ಧ 2005ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ದಾಖಲಾಗಿತ್ತು. ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, 2007ರಲ್ಲಿ ಮೊದಲ ನಿಯಮಾವಳಿಯನ್ನು ಹೊರಡಿಸಿ 'ಕರೆ ಬೇಡ' ಎನ್ನುವವರ ರಾಷ್ಟ್ರೀಯ ನೋಂದಣಿ ಪಟ್ಟಿಯನ್ನು ಆರಂಭಿಸಿತು. 2010ರ ನಿಯಮಾವಳಿಯು 2011ರ ಸೆಪ್ಟೆಂಬರ್ 27ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅದರ ಸ್ಥಾನದಲ್ಲಿ 2018ರ ಜುಲೈ 19ರಂದು ಹೊಸ ನಿಯಮಾವಳಿ ಬಂದಿತು. ಈಗ ನಡೆದಿರುವುದು ಅದೇ ನಿಯಮಾವಳಿ. ಅದಕ್ಕೆ 2025ರ ಫೆಬ್ರುವರಿ 12ರಂದು ಮಹತ್ವದ ತಿದ್ದುಪಡಿಗಳಾಗಿವೆ.

ವರ್ತಕರು ತಿಳಿದಿರಬೇಕಾದ ತಿದ್ದುಪಡಿಗಳು ಮುಖ್ಯವಾಗಿ ನಾಲ್ಕು.

1. ದೂರು ಸಲ್ಲಿಸಲು ಮೊದಲು ಕರೆ ಬಂದ ದಿನದಿಂದ 3 ದಿನಗಳ ಅವಕಾಶವಿತ್ತು. ಅದನ್ನು 7 ದಿನಗಳಿಗೆ ವಿಸ್ತರಿಸಲಾಗಿದೆ.

2. ನೋಂದಣಿಯಿಲ್ಲದೆ ಪ್ರಚಾರದ ಕರೆ ಮಾಡುವವರ ಮೇಲೆ ದೂರು ಕೊಡಲು ನಾವು ಮೊದಲೇ 'ಕರೆ ಬೇಡ' ಪಟ್ಟಿಯಲ್ಲಿ ಹೆಸರು ನೋಂದಾಯಿಸಿರಬೇಕೆಂಬ ಷರತ್ತು ಈಗಿಲ್ಲ.

3. ಅಂತಹ ದೂರಿನ ಮೇಲೆ ದೂರವಾಣಿ ಕಂಪನಿಯು ಕ್ರಮ ಕೈಗೊಳ್ಳಲು ಇದ್ದ 30 ದಿನಗಳ ಗಡುವು 5 ದಿನಗಳಿಗೆ ಇಳಿದಿದೆ.

4. ಮೊದಲು 7 ದಿನಗಳಲ್ಲಿ 10 ದೂರುಗಳು ಬಂದರೆ ಮಾತ್ರ ಕ್ರಮ ಆರಂಭವಾಗುತ್ತಿತ್ತು. ಈಗ 10 ದಿನಗಳಲ್ಲಿ 5 ದೂರುಗಳು ಸಾಕು.

ಈ ನಾಲ್ಕನೆಯ ಅಂಶವನ್ನು ಓದುಗರು ವಿಶೇಷವಾಗಿ ಗಮನಿಸತಕ್ಕದ್ದು. ಒಂದೇ ಪೇಠೆಯ ಐದು ಅಂಗಡಿಗಳಿಗೆ ಒಂದೇ ಸಂಖ್ಯೆಯಿಂದ ಸಾಲದ ಕರೆ ಬಂದಿದ್ದು, ಐವರೂ ಬೈದು ಸುಮ್ಮನಾದರೆ ಫಲ ಶೂನ್ಯ. ಐವರೂ ತಮ್ಮ ತಮ್ಮ ಸಂಖ್ಯೆಯಿಂದ ಹತ್ತು ದಿನಗಳೊಳಗೆ ದೂರು ಕೊಟ್ಟರೆ ಕಾನೂನಿನ ಚಕ್ರ ತಿರುಗುತ್ತದೆ.

ಕರೆಗಳಲ್ಲಿ ಮೂರು ವರ್ಗ

ಸಾಕ್ಷ್ಯ ಸಂಗ್ರಹಿಸುವ ಮೊದಲು ಬಂದ ಕರೆ ಯಾವ ವರ್ಗದ್ದೆಂಬುದನ್ನು ಗುರುತಿಸಬೇಕು. ವರ್ಗ ಬದಲಾದಂತೆ ದೂರಿನ ಸ್ಥಳವೂ ಬೇಕಾಗುವ ಸಾಕ್ಷ್ಯವೂ ಬದಲಾಗುತ್ತವೆ.

ಮೊದಲನೆಯದು, ನೋಂದಾಯಿತ ಸಂಸ್ಥೆಗಳ ಪ್ರಚಾರ ಕರೆ. ಇವು 140ರಿಂದ ಆರಂಭವಾಗುವ ಸಂಖ್ಯೆಗಳಿಂದ ಬರತಕ್ಕದ್ದು. ನಾವು ಬೇಡವೆಂದು ನೋಂದಾಯಿಸದಿದ್ದರೆ ಇವು ಕಾನೂನುಬಾಹಿರವಲ್ಲ. ಆದ್ದರಿಂದ 1909ಕ್ಕೆ ಕರೆ ಮಾಡಿಯೋ, ಟ್ರಾಯ್‌ನ ಡಿಎನ್‌ಡಿ ಆ್ಯಪ್ ಮುಖಾಂತರವೋ ನಮ್ಮ ಆಯ್ಕೆಯನ್ನು ಮೊದಲು ನೋಂದಾಯಿಸಬೇಕು. ಎಲ್ಲವನ್ನೂ ತಡೆಯಬಹುದು, ಇಲ್ಲವೆ ಬ್ಯಾಂಕು-ವಿಮೆ, ಸ್ಥಿರಾಸ್ತಿ, ಶಿಕ್ಷಣ, ಆರೋಗ್ಯ ಮುಂತಾದ ವಿಭಾಗಗಳಲ್ಲಿ ಬೇಡವಾದವುಗಳನ್ನು ಮಾತ್ರ ತಡೆಯಬಹುದು. ನೋಂದಾಯಿಸಿದ ದಿನಾಂಕದ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿರಿ. ಅದೇ ಮೊದಲ ಸಾಕ್ಷ್ಯ.

ಎರಡನೆಯದು, ಸಾಮಾನ್ಯ ಹತ್ತು ಅಂಕಿಯ ಮೊಬೈಲ್ ಸಂಖ್ಯೆಯಿಂದ ಬರುವ ಪ್ರಚಾರ ಕರೆ. ವ್ಯಾಪಾರಿ ಪ್ರಚಾರಕ್ಕೆ ಇಂತಹ ಸಂಖ್ಯೆಯನ್ನು ಬಳಸುವುದಕ್ಕೇ ಅನುಮತಿಯಿಲ್ಲ. ನಮಗೆ ಬರುವ ಉಪದ್ರವದ ಬಹುಪಾಲು ಈ ವರ್ಗಕ್ಕೆ ಸೇರಿದ್ದು.

ಮೂರನೆಯದು, ಮಾರಾಟದ ವೇಷದ ವಂಚನೆಯ ಕರೆ. ಬ್ಯಾಂಕಿನವರು, ತೆರಿಗೆ ಇಲಾಖೆಯವರು, ಆಹಾರ ಪರವಾನಗಿಯವರು, ವಿದ್ಯುತ್ ಕಚೇರಿಯವರು, ಪೊಲೀಸರು ಎಂದು ಹೇಳಿಕೊಂಡು ಹಣವನ್ನೋ, ಓಟಿಪಿಯನ್ನೋ ಕೇಳುವವರು ಇವರು. ಉದ್ಯಮ್ ನೋಂದಣಿಗೆ ಸರ್ಕಾರದ ಶುಲ್ಕವೇ ಇಲ್ಲದಿದ್ದರೂ 'ಪ್ರಮಾಣಪತ್ರದ ಶುಲ್ಕ' ಕೇಳುವ ಕರೆಗಳು ಸಣ್ಣ ಉತ್ಪಾದಕರಿಗೆ ಬರುವುದುಂಟು. ಬ್ಯಾಂಕು, ವಿಮಾ ಕಂಪನಿ ಮತ್ತು ಸರ್ಕಾರಿ ಸಂಸ್ಥೆಗಳ ಸೇವಾ ಕರೆಗಳಿಗಾಗಿ 1600ರಿಂದ ಆರಂಭವಾಗುವ ಸಂಖ್ಯಾಶ್ರೇಣಿಯನ್ನು ಮೀಸಲಿಡಲಾಗಿದೆ. ಬ್ಯಾಂಕಿನ ಹೆಸರು ಹೇಳಿ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಮಾತನಾಡುವವರನ್ನು ಮೊದಲ ಮಾತಿನಲ್ಲಿಯೇ ಸಂಶಯಿಸುವುದು ಕ್ಷೇಮ.

ಕಂಪನಿಯ ದಾಖಲೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

"ಎಲ್ಲ ಕರೆಗಳ ದಾಖಲೆಯೂ ಕಂಪನಿಯವರಲ್ಲಿ ಇದ್ದೇ ಇರುತ್ತದೆ, ನಾವೇಕೆ ಬರೆದಿಡಬೇಕು?" ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಯುಕ್ತವೇ ಆಗಿದೆ. ಉತ್ತರವನ್ನು ಸಾವಧಾನವಾಗಿ ತಿಳಿಯಬೇಕು.

ದೂರವಾಣಿ ಕಂಪನಿಗಳು ಕರೆಗಳ ವಿವರವನ್ನು ಕನಿಷ್ಠ 2 ವರ್ಷ ಕಾಯ್ದಿಡಬೇಕೆಂದು 2021ರ ಡಿಸೆಂಬರ್‌ನಲ್ಲಿ ಪರವಾನಗಿಯ ಷರತ್ತನ್ನು ಬಿಗಿಗೊಳಿಸಲಾಯಿತು. ಅದಕ್ಕೆ ಮೊದಲು ಈ ಅವಧಿ 1 ವರ್ಷವಾಗಿತ್ತು. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು ಕರೆ ನಡೆಯಿತು ಎಂಬುದೆಲ್ಲ ಆ ದಾಖಲೆಯಲ್ಲಿ ಇರುತ್ತದೆ. ಆದರೆ ಆ ಕರೆಯಲ್ಲಿ ಏನು ಮಾತನಾಡಿದರು ಎಂಬುದು ಅದರಲ್ಲಿ ಇರುವುದಿಲ್ಲ. ಸಾಲದ ಆಮಿಷವೋ, ಬೆದರಿಕೆಯೋ, ತಪ್ಪಿ ಬಂದ ಕರೆಯೋ ಎಂಬುದನ್ನು ಆ ದಾಖಲೆ ತಿಳಿಸಲಾರದು. ಇನ್ನು ವಾಟ್ಸ್‌ಆ್ಯಪ್ ಮುಖಾಂತರ ಬರುವ ಕರೆಗಳು ಈ ಸಾಮಾನ್ಯ ಕರೆವಿವರದಲ್ಲಿ ಕರೆಯಾಗಿ ಕಾಣಿಸುವುದೇ ಇಲ್ಲ.

ಆದುದರಿಂದ ಸಾಕ್ಷ್ಯದ ಎರಡು ಅರ್ಧಗಳಲ್ಲಿ ಒಂದು ಕಂಪನಿಯ ಬಳಿ ಇದೆ, ಇನ್ನೊಂದು ನಮ್ಮ ಬಳಿ ಮಾತ್ರ ಇದೆ. ಕರೆ ಬಂದದ್ದು ನಿಜವೆಂದು ಕಂಪನಿಯ ದಾಖಲೆ ಹೇಳುತ್ತದೆ; ಬಂದ ಕರೆ ಯಾವುದಕ್ಕಾಗಿ ಎಂಬುದನ್ನು ನಾವು ಹೇಳಬೇಕು. ಎರಡೂ ದಿನಾಂಕ ಮತ್ತು ನಿಮಿಷದಲ್ಲಿ ತಾಳೆಯಾದರೆ ದೂರು ಗಟ್ಟಿಯಾಗುತ್ತದೆ. ನಮ್ಮ ಅರ್ಧವನ್ನು ನಾವು ಬರೆದಿಡದಿದ್ದರೆ ಅದು ಎಲ್ಲಿಯೂ ಉಳಿಯುವುದಿಲ್ಲ.

ಕರೆಗಳಿಗೊಂದು ವಹಿ

ವರ್ತಕರಿಗೆ ಈ ವಿದ್ಯೆ ಹೊಸದಲ್ಲ. ಕಿರ್ದಿ, ಖತಾವಣಿ, ರೋಜಮೇಳಗಳನ್ನು ತಲೆಮಾರುಗಳಿಂದ ಬರೆದುಕೊಂಡು ಬಂದವರು ನಾವು. ದೀಪಾವಳಿಯಲ್ಲಿ ವಹಿಗೆ ಪೂಜೆ ಸಲ್ಲಿಸುವವರಿಗೆ ಬರವಣಿಗೆಯ ಬೆಲೆಯನ್ನು ಬೇರೆಯವರು ಹೇಳಬೇಕಾಗಿಲ್ಲ. ಅದೇ ಶಿಸ್ತನ್ನು ಕರೆಗಳಿಗೂ ಅನ್ವಯಿಸಿದರೆ ಸಾಕು.

ಇಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದನ್ನು ನೆನೆಯುವುದು ಉಪಯುಕ್ತ. ಜೈನ್ ಹವಾಲಾ ಡೈರಿಗಳಿಗೆ ಸಂಬಂಧಿಸಿದ ವಿ. ಸಿ. ಶುಕ್ಲಾ ಪ್ರಕರಣದಲ್ಲಿ, 1998ರಲ್ಲಿ, ಬಿಡಿ ಹಾಳೆಗಳನ್ನು ಲೆಕ್ಕದ ಪುಸ್ತಕವೆಂದು ಪರಿಗಣಿಸಲಾಗದೆಂದೂ, ಪುಸ್ತಕವೆಂದರೆ ಸುಲಭವಾಗಿ ಕಳಚಲಾಗದಂತೆ ಹೊಲಿದ ಹಾಳೆಗಳ ಸಂಗ್ರಹವೆಂದೂ ನ್ಯಾಯಾಲಯ ಹೇಳಿತು. ಕ್ರಮಬದ್ಧವಾಗಿ ಬರೆದ ಲೆಕ್ಕದ ಪುಸ್ತಕ ಕೂಡ ತಾನೊಂದೇ ಯಾರ ಮೇಲೂ ಹೊಣೆ ಹೊರಿಸಲು ಸಾಲದು, ಇತರ ಸಾಕ್ಷ್ಯದ ಬೆಂಬಲ ಬೇಕು ಎಂಬುದು ಹಿಂದಿನ ಸಾಕ್ಷ್ಯ ಕಾಯಿದೆಯ 34ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೆಯ ಕಲಮಿನಲ್ಲಿಯೂ ಅದೇ ಇದೆ. ಕರೆಯ ವಹಿ ಲೆಕ್ಕದ ಪುಸ್ತಕವಲ್ಲ, ನಿಜ. ಆದರೂ ಅದರಿಂದ ದೊರೆಯುವ ಪಾಠ ಎರಡಕ್ಕೂ ಒಂದೇ: ಬಿಡಿ ಚೀಟಿಯಲ್ಲಿ ಬರೆಯಬೇಡಿ, ಬರೆದದ್ದನ್ನಷ್ಟೇ ನೆಚ್ಚಿ ಕೂರಬೇಡಿ.

ಪುಟಸಂಖ್ಯೆ ಹಾಕಿದ, ಹೊಲಿದ ಸಾಮಾನ್ಯ ನೋಟುಪುಸ್ತಕವೊಂದನ್ನು ದೂರವಾಣಿಯ ಪಕ್ಕದಲ್ಲಿ ಇಡಿರಿ. ಪ್ರತಿಯೊಂದು ಬೇಡದ ಕರೆಗೂ ಕೆಳಗಿನ ವಿವರಗಳನ್ನು ಬರೆಯಿರಿ.

1. ಅನುಕ್ರಮ ಸಂಖ್ಯೆ, ದಿನಾಂಕ, ಕರೆ ಬಂದ ಸಮಯ ಮತ್ತು ಅವಧಿ.

2. ನಮ್ಮ ಯಾವ ಸಂಖ್ಯೆಗೆ ಬಂದಿತು. ಎರಡು ಸಿಮ್ ಇರುವ ಫೋನುಗಳಲ್ಲಿ ಇದು ತಪ್ಪುವ ಸಂಭವ ಹೆಚ್ಚು. ಬೇರೆ ಸಿಮ್ಮಿನ ಹೆಸರಿನಲ್ಲಿ ಕೊಟ್ಟ ದೂರು ಕಂಪನಿಯ ದಾಖಲೆಯೊಡನೆ ತಾಳೆಯಾಗದೆ ತಿರಸ್ಕೃತವಾಗುತ್ತದೆ.

3. ಕರೆ ಮಾಡಿದ ಪೂರ್ಣ ಸಂಖ್ಯೆ, ಫೋನಿನ ಪರದೆಯಿಂದ ನೋಡಿ ಬರೆದದ್ದು.

4. ಮಾತನಾಡಿದವರು ಹೇಳಿಕೊಂಡ ಹೆಸರು, ಸಂಸ್ಥೆ, ಊರು, ಮಾತನಾಡಿದ ಭಾಷೆ.

5. ಮಾರಲು ಹೊರಟ ಸರಕು ಅಥವಾ ಸೇವೆ, ಮತ್ತು ಮುಖ್ಯವಾದ ಒಂದೆರಡು ವಾಕ್ಯಗಳು, ಅವರದೇ ಶಬ್ದಗಳಲ್ಲಿ.

6. ನಾವು ಕೊಟ್ಟ ಉತ್ತರ.

7. ಧ್ವನಿಮುದ್ರಣ ಅಥವಾ ಪರದೆಯ ಚಿತ್ರ ಇದ್ದರೆ ಅದರ ಕಡತದ ಹೆಸರು.

8. ದೂರು ಕೊಟ್ಟ ದಿನಾಂಕ ಮತ್ತು ದೂರಿನ ಸಂಖ್ಯೆ.

9. ಕರೆ ಸ್ವೀಕರಿಸಿದವರ ಸಹಿ.

ಕೊನೆಯ ಅಂಶ ಚಿಕ್ಕದಾಗಿ ಕಂಡರೂ ಬಹು ಮುಖ್ಯವಾದುದು. ಕಿವಿಯಾರೆ ಕೇಳಿದವನೇ ಸಾಕ್ಷಿ. ಕರೆಯನ್ನು ದಿವಾನಜಿ ಎತ್ತಿದ್ದರೆ ವಹಿಯಲ್ಲಿ ಬರೆದು ಸಹಿ ಮಾಡಬೇಕಾದವರು ದಿವಾನಜಿಯೇ. "ಸಾವಕಾರರೇ, ಹೀಗೊಂದು ಕರೆ ಬಂದಿತ್ತು" ಎಂದು ಅವರು ಸಂಜೆ ಹೇಳಿದ್ದನ್ನು ಮಾಲೀಕರು ಬರೆದರೆ ಅದು ಕೇಳಿದವರ ಮಾತನ್ನು ಕೇಳಿದಂತಾಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೂಡಲಗಿಯ ಬೆಲ್ಲದ ಅಂಗಡಿಯೊಂದರಲ್ಲಿ ವಹಿಯ ನಮೂದು ಹೀಗಿದೆ ಎಂದುಕೊಳ್ಳಿರಿ: "ಮಧ್ಯಾಹ್ನ 12 ಗಂಟೆ 10 ನಿಮಿಷ, ಸುಮಾರು 2 ನಿಮಿಷ. ಅಂಗಡಿಯ ಮೊದಲನೆಯ ಸಿಮ್ಮಿಗೆ. ಹಿಂದಿಯಲ್ಲಿ ಮಾತು, ಹೆಣ್ಣು ಧ್ವನಿ. ಹಣಕಾಸು ಕಂಪನಿಯವರೆಂದರು, ಕಂಪನಿಯ ಹೆಸರು ಎರಡು ಸಲ ಕೇಳಿದರೂ ಹೇಳಲಿಲ್ಲ. ಜಾಮೀನಿಲ್ಲದೆ 10 ಲಕ್ಷ ಸಾಲ, ಕಡತದ ಶುಲ್ಕ ಮೊದಲು ಕಟ್ಟಬೇಕೆಂದರು. ಬೇಡ, ಮತ್ತೆ ಕರೆಯಬಾರದು ಎಂದೆ." ಇದರಲ್ಲಿ ಕೋಪದ ಒಂದು ಮಾತೂ ಇಲ್ಲ, ಊಹೆಯೂ ಇಲ್ಲ. ಇಂತಹ ಆರು ಸಾಲುಗಳು 'ದಿನಾಲೂ ಕಳ್ಳರು ಕಾಡುತ್ತಿದ್ದಾರೆ' ಎಂಬ ಆರು ಪುಟಗಳ ಅರ್ಜಿಗಿಂತ ಮೇಲು.

ಕರೆ ನಡೆದಿರುವಾಗ ಕೇಳಬೇಕಾದದ್ದು

ಸಾಕ್ಷ್ಯದ ದೃಷ್ಟಿಯಿಂದ ಕರೆಯ ಮೊದಲ ಒಂದು ನಿಮಿಷ ಅಮೂಲ್ಯವಾದದ್ದು. ಬೈದರೆ ಅವರು ಕಡಿದುಬಿಡುತ್ತಾರೆ, ನಮಗೆ ಏನೂ ಸಿಕ್ಕುವುದಿಲ್ಲ. ಶಾಂತವಾಗಿ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ತಾವು ಯಾವ ಸಂಸ್ಥೆಯವರು? ಆ ಸಂಸ್ಥೆಯ ಪರವಾಗಿ ಮಾತನಾಡುವ ಮಧ್ಯವರ್ತಿಯೋ? ನನ್ನ ಸಂಖ್ಯೆ ತಮಗೆ ಎಲ್ಲಿಂದ ದೊರೆಯಿತು? ನಾನು ಒಪ್ಪಿಗೆ ಕೊಟ್ಟಿದ್ದೇನೆಂದರೆ ಯಾವಾಗ, ಎಲ್ಲಿ?

ಕೊನೆಯ ಪ್ರಶ್ನೆ ಮುಖ್ಯ. "ನೀವೇ ಅರ್ಜಿ ತುಂಬಿದ್ದೀರಿ" ಎಂಬುದು ಅವರ ಸಾಮಾನ್ಯ ಸಮರ್ಥನೆ. ಅದನ್ನು ಅವರು ಅಲ್ಲಿಯೇ ಹೇಳುವಂತೆ ಮಾಡಿ ಬರೆದುಕೊಂಡರೆ ಮುಂದೆ ಹೊಸ ಕಥೆ ಕಟ್ಟಲು ಅವಕಾಶವಿರುವುದಿಲ್ಲ. ಅನಂತರ "ನನಗೆ ಬೇಡ, ಈ ಸಂಖ್ಯೆಗೆ ಮತ್ತೆ ಕರೆಯಕೂಡದು" ಎಂದು ಸ್ಪಷ್ಟವಾಗಿ ಹೇಳಿ ಮುಗಿಸಿರಿ. ಅವರನ್ನು ಸಿಕ್ಕಿಸಬೇಕೆಂಬ ಹಟದಿಂದ ಆಸಕ್ತಿ ನಟಿಸುವುದು, ಸುಳ್ಳು ಖಾತೆಸಂಖ್ಯೆ ಕೊಡುವುದು ಬೇಡ. ಆಸಕ್ತಿ ತೋರಿಸಿದ ಮಾತು ನಮ್ಮ ದೂರನ್ನೇ ದುರ್ಬಲಗೊಳಿಸುತ್ತದೆ. ವಂಚನೆಯ ಅನುಮಾನ ಬಂದೊಡನೆ ಪ್ರಶ್ನೆಗಳನ್ನೂ ಬಿಟ್ಟು ಕರೆ ಮುಗಿಸುವುದೇ ಯುಕ್ತ.

ಧ್ವನಿಮುದ್ರಣ ಮತ್ತು ಪರದೆಯ ಚಿತ್ರ

ತಾನು ಪಾಲ್ಗೊಂಡ ಸಂಭಾಷಣೆಯ ಧ್ವನಿಮುದ್ರಣವನ್ನು ಸಾಕ್ಷ್ಯವಾಗಿ ಹಾಜರುಪಡಿಸುವುದನ್ನು ನಮ್ಮ ನ್ಯಾಯಾಲಯಗಳು ಬಹುಕಾಲದಿಂದ ಒಪ್ಪಿಕೊಂಡಿವೆ. 1973ರ ಆರ್. ಎಂ. ಮಲ್ಕಾನಿ ಪ್ರಕರಣ ಈ ವಿಷಯದಲ್ಲಿ ಪ್ರಸಿದ್ಧವಾದುದು. 1985ರ ರಾಮ್ ಸಿಂಗ್ ಪ್ರಕರಣದಲ್ಲಿ ಧ್ವನಿಯನ್ನು ಗುರುತಿಸುವಂತಿರಬೇಕು, ತಿದ್ದಿಲ್ಲವೆಂಬುದು ಸ್ಪಷ್ಟವಿರಬೇಕು, ವಿಷಯಕ್ಕೆ ಸಂಬಂಧಿಸಿರಬೇಕು, ಸುರಕ್ಷಿತವಾಗಿ ಕಾಯ್ದಿರಿಸಿರಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು ಎಂಬ ಷರತ್ತುಗಳನ್ನು ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಟೇಪಿನ ಕಾಲದ ಈ ಷರತ್ತುಗಳು ಮೊಬೈಲಿನ ಕಾಲಕ್ಕೂ ಸಲ್ಲುತ್ತವೆ.

ಇವುಗಳಿಂದ ನಾವು ಕಲಿಯಬೇಕಾದ ನಿಯಮಗಳು ಸರಳವಾಗಿವೆ. ಮೂಲ ಕಡತವನ್ನು ಕತ್ತರಿಸಬಾರದು, ಹೆಸರನ್ನೂ ಬದಲಾಯಿಸಬಾರದು. 'ಬೇಕಾದ ಭಾಗ' ಮಾತ್ರ ಉಳಿಸಿಕೊಂಡ ಧ್ವನಿಮುದ್ರಣ ತಿದ್ದಿದ್ದೆಂಬ ಆಕ್ಷೇಪಕ್ಕೆ ಗುರಿಯಾಗುತ್ತದೆ. ಒಂದು ಪ್ರತಿಯನ್ನು ಬೇರೆಡೆ ತೆಗೆದಿಟ್ಟು ಮೂಲವನ್ನು ಅದೇ ಫೋನಿನಲ್ಲಿ ಉಳಿಸಿರಿ. ಪರದೆಯ ಚಿತ್ರ ತೆಗೆಯುವಾಗ ಸಂಖ್ಯೆ, ದಿನಾಂಕ ಮತ್ತು ಸಮಯ ಮೂರೂ ಒಂದೇ ಚಿತ್ರದಲ್ಲಿ ಬರಲಿ. ಕರೆಗಳ ಪಟ್ಟಿಯಲ್ಲಿ ಆ ನಮೂದನ್ನು ಅಳಿಸಬೇಡಿರಿ. ಸಂಖ್ಯೆಯನ್ನು ತಡೆಹಿಡಿಯುವುದಿದ್ದರೆ ಇವೆಲ್ಲ ಆದ ಮೇಲೆ ತಡೆಹಿಡಿಯಿರಿ. ಹೊಸ ಫೋನು ಕೊಂಡು ಹಳೆಯದನ್ನು ಮಾರುವ ಮೊದಲು ಅದರಲ್ಲಿ ಇನ್ನೂ ಇತ್ಯರ್ಥವಾಗದ ದೂರಿನ ಸಾಕ್ಷ್ಯವಿದೆಯೇ ಎಂದು ವಹಿಯನ್ನು ನೋಡಿರಿ.

ವಿಷಯ ನ್ಯಾಯಾಲಯದವರೆಗೆ ಹೋದರೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರವೊಂದು ಬೇಕಾಗುತ್ತದೆ. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ 2020ರ ಜುಲೈ 14ರಂದು ಸರ್ವೋಚ್ಚ ನ್ಯಾಯಾಲಯ ಈ ಪ್ರಮಾಣಪತ್ರ ಕಡ್ಡಾಯವೆಂದು ಎತ್ತಿಹಿಡಿಯಿತು. ಮೂಲ ಸಾಧನವನ್ನೇ ಅದರ ಮಾಲೀಕನು ಸಾಕ್ಷಿಕಟ್ಟೆಗೆ ಬಂದು ಹಾಜರುಪಡಿಸಿದರೆ ಅದು ಬೇಕಿಲ್ಲವೆಂದೂ ಹೇಳಿತು. ಹಳೆಯ ಫೋನನ್ನು ಕಾಯ್ದಿಡಬೇಕೆಂದು ಹೇಳುವುದಕ್ಕೆ ಇದೇ ಕಾರಣ. ಈಗಿನ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ. ಮೊದಲನೆಯದನ್ನು ದಾಖಲೆ ಹಾಜರುಪಡಿಸುವವರು, ಎರಡನೆಯದನ್ನು ತಜ್ಞರು ತುಂಬಬೇಕು. ಫೋನಿನ ತಯಾರಿಕೆ, ಮಾದರಿ, ಐಎಂಇಐ ಸಂಖ್ಯೆ, ಕಡತದ ಹ್ಯಾಶ್ ಮೌಲ್ಯ ಮುಂತಾದವು ಅದರಲ್ಲಿ ಬರುತ್ತವೆ. ಹ್ಯಾಶ್ ಎಂಬುದು ಕಡತದ ಬೆರಳಚ್ಚು ಇದ್ದಂತೆ; ಕಡತದಲ್ಲಿ ಒಂದಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ಐಎಂಇಐ ಸಂಖ್ಯೆ ಫೋನಿನಲ್ಲಿ *#06# ಒತ್ತಿದರೆ ಕಾಣುತ್ತದೆ. ಅದನ್ನು ವಹಿಯ ಮೊದಲ ಪುಟದಲ್ಲಿಯೇ ಬರೆದಿಡಿರಿ. ಉಳಿದದ್ದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಧ್ವನಿಮುದ್ರಣವನ್ನು ದೂರಿಗೆ ಲಗತ್ತಿಸುವುದು ಬೇರೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ 'ಇವನೇ ಕಳ್ಳ' ಎಂದು ಹಂಚುವುದು ಬೇರೆ. ಪರದೆಯ ಮೇಲೆ ಕಾಣುವ ಸಂಖ್ಯೆ ನಕಲಿಯಾಗಿರಬಹುದು, ಯಾರದೋ ಬಡವರ ಹೆಸರಿನಲ್ಲಿ ಪಡೆದ ಸಿಮ್ ಆಗಿರಬಹುದು. ನಿರಪರಾಧಿಯ ಹೆಸರು ಕೆಟ್ಟರೆ ದೂರುದಾರರಾದ ನಾವೇ ಮಾನಹಾನಿಯ ಆರೋಪಿಗಳಾಗುತ್ತೇವೆ.

ದೂರು ಎಲ್ಲಿ, ಯಾವಾಗ

ಮೊದಲೆರಡು ವರ್ಗದ ಕರೆಗಳಿಗೆ 1909, ಟ್ರಾಯ್‌ನ ಡಿಎನ್‌ಡಿ ಆ್ಯಪ್ ಅಥವಾ ನಮ್ಮದೇ ದೂರವಾಣಿ ಕಂಪನಿಯ ಆ್ಯಪ್ ಮುಖಾಂತರ 7 ದಿನಗಳೊಳಗೆ ದೂರು ಸಲ್ಲಿಸಬೇಕು. ನಮ್ಮ ಸಂಖ್ಯೆ, ಕರೆ ಮಾಡಿದ ಸಂಖ್ಯೆ, ದಿನಾಂಕ ಮತ್ತು ಕರೆಯ ಸಂಕ್ಷಿಪ್ತ ವಿವರ ಇಷ್ಟು ಅಗತ್ಯ. ವಹಿ ಬರೆದವರಿಗೆ ಇದು ನಕಲು ಮಾಡುವಷ್ಟೇ ಕೆಲಸ. ದೂರಿನ ಸಂಖ್ಯೆಯನ್ನು ಮರೆಯದೆ ವಹಿಗೆ ಏರಿಸಿರಿ.

ವಂಚನೆಯ ಅನುಮಾನವಿದ್ದು ಹಣ ಹೋಗಿಲ್ಲವಾದರೆ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ 'ಚಕ್ಷು' ಎಂಬ ವಿಭಾಗವಿದೆ. 2024ರ ಮಾರ್ಚ್‌ನಲ್ಲಿ ಆರಂಭವಾದ ಇದರಲ್ಲಿ ಕಳೆದ 30 ದಿನಗಳೊಳಗಿನ ಕರೆ, ಸಂದೇಶ, ವಾಟ್ಸ್‌ಆ್ಯಪ್ ಮೂರನ್ನೂ ವರದಿ ಮಾಡಬಹುದು.

ಹಣ ಹೋಗಿದ್ದರೆ ವಿಳಂಬಕ್ಕೆ ಅವಕಾಶವೇ ಇಲ್ಲ. ತತ್‌ಕ್ಷಣ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದಾಖಲಿಸಿ, ಬ್ಯಾಂಕಿಗೂ ತಿಳಿಸಬೇಕು. ವಹಿವಾಟಿನ ಸಂಖ್ಯೆ, ಹಣ ಹೋದ ಸಮಯ, ಮೊತ್ತ, ಯಾವ ಖಾತೆಗೆ ಎಂಬ ವಿವರಗಳು ಕೈಯಲ್ಲಿದ್ದರೆ ಆ ಹಣವನ್ನು ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಗ್ರಾಹಕನ ಹೊಣೆಯನ್ನು ಆತನು ವರದಿ ಮಾಡಿದ ಸಮಯಕ್ಕೆ ಕಟ್ಟಿತು. ಹೀಗಾಗಿ ಯಾವಾಗ ತಿಳಿಸಿದೆವು ಎಂಬುದಕ್ಕೂ ಪುರಾವೆ ಇರಬೇಕು.

ಬೆಳಗಾವಿಯಲ್ಲಿ ಸೈಬರ್ ಅಪರಾಧಗಳಿಗಾಗಿ ಸಿಇಎನ್ ಪೊಲೀಸ್ ಠಾಣೆಯಿದೆ. ಅಷ್ಟು ದೂರ ಹೋಗಲಾಗದಿದ್ದರೆ ಹತ್ತಿರದ ಠಾಣೆಯಲ್ಲಿಯೂ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಸಂಜ್ಞೇಯ ಅಪರಾಧ ಎಲ್ಲಿಯೇ ನಡೆದಿದ್ದರೂ ಮಾಹಿತಿಯನ್ನು ಸ್ವೀಕರಿಸಬೇಕು. ವಿದ್ಯುನ್ಮಾನ ರೂಪದಲ್ಲಿ ಕಳಿಸಿದ್ದರೆ 3 ದಿನಗಳೊಳಗೆ ಹೋಗಿ ಸಹಿ ಮಾಡಬೇಕು.

ನಮ್ಮ ಜಿಲ್ಲೆಯ ಪಾಠಗಳು

ಸ್ಥಳೀಯ ಜ್ಞಾನವೂ ಒಂದು ಸಾಕ್ಷ್ಯವೇ. ಇಂದು ರಾತ್ರಿ ವಿದ್ಯುತ್ ಕಡಿತವಾಗುತ್ತದೆ, ಬಾಕಿ ಕಟ್ಟಲು ಈ ಸಂಖ್ಯೆಗೆ ಕರೆ ಮಾಡಿ ಎಂಬ ವಂಚನೆ ಕೆಲವು ವರ್ಷಗಳಿಂದ ದೇಶದಾದ್ಯಂತ ನಡೆದಿದೆ. ಗೋಕಾಕ, ಮೂಡಲಗಿಗಳಿಗೆ ವಿದ್ಯುತ್ ಪೂರೈಸುವುದು ಹೆಸ್ಕಾಂ. ಹುಕ್ಕೇರಿ ತಾಲೂಕಿನಲ್ಲಿ ಆ ಕೆಲಸವನ್ನು 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮಾಡಿಕೊಂಡು ಬಂದಿದೆ. ಸಂಘದ ಗ್ರಾಹಕರೊಬ್ಬರಿಗೆ 'ಹೆಸ್ಕಾಂ ಅಧಿಕಾರಿ' ಎಂದು ಕರೆ ಬಂದರೆ ಆ ಒಂದು ಮಾತೇ ಅವನ ಬಣ್ಣ ಬಯಲು ಮಾಡುತ್ತದೆ. ಇಂತಹ ತಪ್ಪನ್ನು ವಹಿಯಲ್ಲಿ ಅವನ ಶಬ್ದದಲ್ಲಿಯೇ ಬರೆದಿಡಬೇಕು.

ಕರೆ ಎಲ್ಲಿಂದ ಬರುತ್ತದೆ ಎಂಬುದನ್ನು ಸಂಖ್ಯೆಯಿಂದಾಗಲಿ, ಭಾಷೆಯಿಂದಾಗಲಿ ತೀರ್ಮಾನಿಸಲಾಗದು. 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರದಲ್ಲಿಯೇ ಕುಳಿತು ಅಮೆರಿಕದ ನಾಗರಿಕರನ್ನು ವಂಚಿಸುತ್ತಿದ್ದ ಆರೋಪದ ಮೇಲೆ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಬಂಧಿಸಿದರು. ಆದ್ದರಿಂದ ವಹಿಯಲ್ಲಿ ಕೇಳಿದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯ ಖಾನಾಪುರ ತಾಲೂಕಿನ ಬೀಡಿ ಗ್ರಾಮದಲ್ಲಿ ನಡೆದುದನ್ನು ನೆನೆದರೆ ಮನಸ್ಸು ಮರುಗುತ್ತದೆ. ಅಧಿಕಾರಿಗಳ ಸೋಗು ಹಾಕಿದವರ ಕರೆಗಳಿಗೆ ಹೆದರಿ 50 ಲಕ್ಷ ರೂಪಾಯಿಗಳಿಗೂ ಹೆಚ್ಚು ಹಣ ಕಳೆದುಕೊಂಡ ವೃದ್ಧ ದಂಪತಿ ಪ್ರಾಣವನ್ನೂ ಕಳೆದುಕೊಂಡರು. ಕರೆ ಮಾಡಿದವರು ಹೇಳಿಕೊಂಡ ಹೆಸರುಗಳು ಅವರು ಬಿಟ್ಟುಹೋದ ಪತ್ರದಿಂದ ಪೊಲೀಸರಿಗೆ ತಿಳಿದವು. ಆ ಬರವಣಿಗೆ ಮೊದಲ ಕರೆಯ ದಿನವೇ ಆಗಿ, ನೆರೆಯವರಿಗೋ ಠಾಣೆಗೋ ತಲುಪಿದ್ದರೆ ಎಂಬ ಕೊರಗು ಉಳಿಯುತ್ತದೆ. ವಂಚಕರ ಮುಖ್ಯ ಆಯುಧ "ಯಾರಿಗೂ ಹೇಳಬೇಡಿ" ಎಂಬ ಮಾತು. 'ಡಿಜಿಟಲ್ ಬಂಧನ' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಕಳೆದುಕೊಂಡದ್ದು ಅಪಮಾನವಲ್ಲ. ಅಂಗಡಿಯಲ್ಲಿ ಕಳವಾದರೆ ನಾಚುತ್ತೇವೆಯೇ? ಬರೆದು ಇನ್ನೊಬ್ಬರಿಗೆ ತೋರಿಸುವ ಅಭ್ಯಾಸವಿದ್ದಲ್ಲಿ ಆ ಆಯುಧ ಮೊಂಡಾಗುತ್ತದೆ.

ನಾವೇ ಕರೆ ಮಾಡುವವರಾದಾಗ

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಹಬ್ಬದ ರಿಯಾಯಿತಿ, ಹೊಸ ಸರಕು, ಮಳಿಗೆಯ ಉದ್ಘಾಟನೆ ಎಂದು ನಮ್ಮ ಅಂಗಡಿಯ ಸಾಮಾನ್ಯ ಸಂಖ್ಯೆಯಿಂದಲೇ ನೂರಾರು ಜನರಿಗೆ ಕರೆ, ಸಂದೇಶ ಕಳಿಸುವ ರೂಢಿ ನಮ್ಮಲ್ಲಿಯೂ ಇದೆ. ನಿಯಮದ ದೃಷ್ಟಿಯಲ್ಲಿ ಇದೂ ನೋಂದಣಿಯಿಲ್ಲದ ಪ್ರಚಾರವೇ. ದೂರುಗಳು ಸಾಬೀತಾದರೆ ಮೊದಲ ಸಲ ನಮ್ಮ ಸಂಪರ್ಕಗಳಿಂದ ಹೊರಹೋಗುವ ಸೇವೆ 15 ದಿನ ನಿಲ್ಲುತ್ತದೆ. ಮರುಕಳಿಸಿದರೆ ಎಲ್ಲ ಕಂಪನಿಗಳಲ್ಲಿಯೂ ನಮ್ಮ ಸಂಪರ್ಕಗಳು 1 ವರ್ಷ ಕಡಿತವಾಗುತ್ತವೆ. ಹಂಗಾಮಿನ ಹೊತ್ತಿನಲ್ಲಿ ಫೋನು ಸತ್ತರೆ ವ್ಯಾಪಾರಿಯ ಗತಿ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಪ್ರಚಾರ ಮಾಡಲೇಬೇಕಿದ್ದರೆ ನಿಯಮಾನುಸಾರ ನೋಂದಾಯಿಸಿಕೊಂಡು, ಗಿರಾಕಿಗಳ ಒಪ್ಪಿಗೆಯನ್ನು ದಿನಾಂಕಸಹಿತ ಇಟ್ಟುಕೊಂಡು ಮಾಡತಕ್ಕದ್ದು.

ಸಾರಾಂಶ

ಕರೆ ಬಂದ ಕೂಡಲೆ ವಹಿಗೆ ಬರೆಯುವುದು, ಕೇಳಿದವರೇ ಸಹಿ ಮಾಡುವುದು, ಮೂಲ ಕಡತವನ್ನು ಮುಟ್ಟದಿರುವುದು, 7 ದಿನಗಳೊಳಗೆ ದೂರು ಕೊಡುವುದು, ಹಣ ಹೋದರೆ ಆ ಕ್ಷಣವೇ 1930ಕ್ಕೆ ತಿಳಿಸುವುದು: ಇವು ಐದೇ ಸೂತ್ರಗಳು. ಇದರೊಂದಿಗೆ ಪೇಠೆಯ ವರ್ತಕ ಬಂಧುಗಳು ವಾರಕ್ಕೊಮ್ಮೆ ಸೇರಿದಾಗ ತಮ್ಮ ತಮ್ಮ ವಹಿಗಳನ್ನು ಹೋಲಿಸಿ ನೋಡುವ ಪದ್ಧತಿ ಇಟ್ಟುಕೊಂಡರೆ ಒಂದೇ ಸಂಖ್ಯೆ ಎಷ್ಟು ಅಂಗಡಿಗಳನ್ನು ಕಾಡಿದೆ ಎಂಬುದು ಬೆಳಕಿಗೆ ಬರುತ್ತದೆ. ಹತ್ತು ದಿನಗಳಲ್ಲಿ ಐದು ದೂರುಗಳೆಂಬ ಗಡಿಯನ್ನು ತಲುಪುವುದು ಒಗ್ಗಟ್ಟುಳ್ಳ ಪೇಠೆಗೆ ಕಷ್ಟವಲ್ಲ. ಮೂವತ್ತು ರೂಪಾಯಿಯ ನೋಟುಪುಸ್ತಕ, ದಿನಕ್ಕೆ ಐದು ನಿಮಿಷದ ಬರವಣಿಗೆ. ಇಷ್ಟು ಬಂಡವಾಳದಿಂದ ನಮ್ಮ ವ್ಯಾಪಾರದ ಬಾಗಿಲನ್ನು ನಾವೇ ಕಾಯಬಹುದು. ನಾಳೆಯ ಮೊದಲ ಬೇಡದ ಕರೆಯಿಂದಲೇ ಸದಸ್ಯರೆಲ್ಲರೂ ಈ ವಹಿಯನ್ನು ಆರಂಭಿಸುವರೆಂದು ಆಶಿಸೋಣ.